ಪ್ರಾಜೆಕ್ಟ್ ರಿಜಿಸ್ಟರಿನ ಖಾಲಿ ಕಾಲಂ

ಶಾಲೆಯವರು ಪ್ರಾಜೆಕ್ಟ್ ಕೊಡುವುದನ್ನು ನಿಲ್ಲಿಸುವವರೆಗೂ ನಮ್ಮ ಮನೆಯ ಗೇಟು ಕಿರುಗುಟ್ಟುವುದು ನಿಲ್ಲುವುದಿಲ್ಲ ಎಂದು ನಾನು ಒಪ್ಪಿಕೊಂಡು ಎಷ್ಟೋ ವರ್ಷವಾಯಿತು. ಬೇಲೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಬೀದಿಯ ಹೆಂಗಸರ ವಾಚನಾಲಯ. ಮೂರು ಬೀರು ಪುಸ್ತಕ, ಒಂದು ಉದ್ದ ಮೇಜು, ಆಮೇಲೆ ಮಗ ತಂದಿಟ್ಟ ಕಂಪ್ಯೂಟರು, ಪ್ರಿಂಟರು. ಆ ಕಾಲಕ್ಕೆ ಇತಿಹಾಸದಲ್ಲಿ ಬಿ.ಎ. ಮಾಡಿದವಳು ಬೀದಿಗೆಲ್ಲ ನಾನೊಬ್ಬಳೇ. ಹಾಗಾಗಿ ಬೀಗದ ಕೈ, ಸೀಲು, ರಿಜಿಸ್ಟರು ಮೂರೂ ನನ್ನ ಕೊರಳಿಗೆ ಬಿದ್ದವು.

ರಿಜಿಸ್ಟರಿನಲ್ಲಿ ಐದು ಕಾಲಂ ಗೆರೆ ಎಳೆದಿದ್ದೆ. ತಾರೀಕು, ತರಗತಿ, ವಿಷಯ, ನೋಡಿದ ಪುಸ್ತಕ, ಕೊನೆಯದು ‘ಸ್ವಂತ ಮಾತು’. ಯಾವ ಮಗುವಾದರೂ ನಕಲು ಮಾಡದೆ, ತಾನೇ ಹುಡುಕಿ, ಕೇಳಿ, ತನ್ನ ಮಾತಿನಲ್ಲಿ ಬರೆದು ಪೂರ್ತಿ ಅಂಕ ತಂದರೆ ಅಲ್ಲೊಂದು ಗುರುತು. ಒಂದೇ ಒಂದು ಗುರುತು ಬಿದ್ದರೂ ಈ ಕೆಲಸ ಸಾರ್ಥಕ ಎಂದುಕೊಂಡು ಕೆಂಪು ಪೆನ್ನು ಬೇರೆ ತಂದಿಟ್ಟಿದ್ದೆ. ಎರಡು ರಿಜಿಸ್ಟರು ಮುಗಿದವು. ಪೆನ್ನಿನ ಶಾಯಿ ಒಣಗಿತು. ಕಾಲಂ ಖಾಲಿಯೇ ಉಳಿಯಿತು.

ತಿಮಿಂಗಿಲ

ಪ್ರಾಣಿಗಳ ದೊಡ್ಡ ಪುಸ್ತಕವೊಂದು ನಮ್ಮಲ್ಲಿತ್ತು. ಒಂದು ಸಂಜೆ ಒಬ್ಬಾಕೆ ಮಗಳ ಕೈ ಹಿಡಿದುಕೊಂಡು ಬಂದರು.

“ಸಮುದ್ರದ ಪ್ರಾಣಿಗಳು ಅಂತ ಪ್ರಾಜೆಕ್ಟು ಕಣ್ರೀ. ನಿಮ್ಮ ಪುಸ್ತಕದಲ್ಲಿ ತಿಮಿಂಗಿಲ ಬಹಳ ಚೆನ್ನಾಗಿದೆಯಂತೆ.”

ಪುಟ ತೆರೆದೆ. ನಟ್ಟನಡುವೆ ತಿಮಿಂಗಿಲದ ಆಕಾರದ ತೂತು. ಅದರೊಳಗಿಂದ ಮುಂದಿನ ಪುಟದ ಒಂಟೆ ಇಣುಕುತ್ತಿತ್ತು.

“ಅಯ್ಯೋ, ಹೋದ ವರ್ಷ ನಿಮ್ಮಕ್ಕ ಕತ್ತರಿಸ್ಕೊಂಡು ಬಂದಿದ್ದು ಇಲ್ಲಿಂದಲೇನೇ?” ಎಂದು ಆಕೆ ಮಗಳನ್ನು ಕೇಳಿದರು. ಹುಡುಗಿ ತಲೆಯಾಡಿಸಿದಳು. ಈಗಲಾದರೂ ನಾಚಿಕೆಯಾದೀತು ಎಂದು ಕಾದೆ. ಆಕೆ ನನ್ನತ್ತ ತಿರುಗಿ ಹೇಳಿದರು: “ಒಂದೇ ಇಟ್ಟಿದ್ದೀರಲ್ರೀ. ಎರಡು ಮಕ್ಕಳಿರೋರು ಏನು ಮಾಡ್ಬೇಕು?”

ಓದುವ ಹುಡುಗ

ಇನ್ನೊಬ್ಬ ತಾಯಿ ವಾರವಿಡೀ ಬಂದು ಕೂತು ರಾಗಿ ಬೆಳೆಯ ಬಗ್ಗೆ ಹಾಳೆ ಹಾಳೆ ಬರೆದುಕೊಂಡರು. “ಮಗ ಎಲ್ರೀ?” ಎಂದೆ.

“ಅವನಿಗೆ ಓದೋದಿದೆ. ಪ್ರಾಜೆಕ್ಟ್ ಮಾಡ್ಕೊಂಡು ಕೂತ್ರೆ ಓದೋದು ಯಾವಾಗ?”

ಮುಂದಿನ ವಾರ ಮುಖ ಊದಿಸಿಕೊಂಡು ಬಂದರು. “ನನಗೆ ಹನ್ನೆರಡೇ ಕೊಟ್ಟಿದ್ದಾರೆ ಕಣ್ರೀ. ಪಕ್ಕದ ಮನೆಯವಳಿಗೆ ಹದಿನೆಂಟು!”

ಗಟ್ಟಿ ಕೆರೆ

ಬಸ್‌ಸ್ಟ್ಯಾಂಡಿನ ಹತ್ತಿರ ಸೈಬರ್ ಸೆಂಟರ್ ಬಂದ ಮೇಲೆ ಪುಸ್ತಕಗಳಿಗೆ ಕತ್ತರಿಯ ಕಾಟ ತಪ್ಪಿತು. ಮಾದಿಹಳ್ಳಿಯಿಂದ ಬರುತ್ತಿದ್ದ ಏಳನೇ ಕ್ಲಾಸಿನ ಹುಡುಗನೊಬ್ಬನಿಗೆ ‘ನಮ್ಮ ಊರಿನ ಕೆರೆ’ ಎಂಬ ವಿಷಯ ಕೊಟ್ಟಿದ್ದರು. ಸೈಬರ್‌ನವನು ಕೆರೆ ಎಂದು ಇಂಗ್ಲಿಷಿನಲ್ಲಿ ಹುಡುಕಿ ಸಿಕ್ಕಿದ್ದನ್ನು ಪ್ರಿಂಟ್ ಕೊಟ್ಟಿದ್ದ. ಹುಡುಗ ನಮ್ಮ ನಿಘಂಟು ಇಟ್ಟುಕೊಂಡು ಮೂರು ದಿನ ಒಂದೊಂದೇ ಪದ ಬಿಡಿಸಿ ಕನ್ನಡಕ್ಕಿಳಿಸಿದ. ಆ ಶ್ರದ್ಧೆ ನೋಡಿ ನನಗೆ ಆಸೆ ಹುಟ್ಟಿತು. ಹೊಸ ಕೆಂಪು ಪೆನ್ನು ತರಿಸಿದೆ.

ಆಮೇಲೆ ಓದಿದೆ. ‘ಚಳಿಗಾಲದಲ್ಲಿ ನಮ್ಮ ಕೆರೆ ಹೆಪ್ಪುಗಟ್ಟುತ್ತದೆ. ಊರಿನವರು ಅದರ ಮೇಲೆ ಜಾರುತ್ತಾ ಸಂತೋಷಪಡುತ್ತಾರೆ.’

“ಮಾದಿಹಳ್ಳಿ ಕೆರೆ ಹೆಪ್ಪುಗಟ್ಟಿದ್ದು ನೀನು ನೋಡಿದ್ದೀಯೇನೋ?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. “ಇಲ್ಲ ಅಜ್ಜಿ. ನಾನು ಈಜಕ್ಕೆ ಹೋಗೋದು ಬೇಸಿಗೇಲಿ ಮಾತ್ರ.”

ಗೈಡಿನ ಮಗಳು

ಹಳೇಬೀಡಿನಿಂದ ದಿನಾ ಬಸ್ಸಿನಲ್ಲಿ ಬೇಲೂರಿನ ಶಾಲೆಗೆ ಬರುತ್ತಿದ್ದ ಎಂಟನೇ ಕ್ಲಾಸಿನ ಹುಡುಗಿ ಒಂದು ದಿನ ಬಂದು, “ಅಜ್ಜಿ, ಹಳೇಬೀಡಿನ ದೇವಸ್ಥಾನದ ಬಗ್ಗೆ ಇಂಟರ್‌ನೆಟ್ಟಲ್ಲಿ ಐತಾ?” ಎಂದಳು.

“ನಿನ್ನ ಮನೆ ಎಲ್ಲಿ?”

“ದೇವಸ್ಥಾನದ ಹಿಂದೆ.”

“ಅಪ್ಪ ಏನು ಮಾಡ್ತಾರೆ?”

“ಅದೇ ದೇವಸ್ಥಾನದಲ್ಲಿ ಗೈಡು.”

ಅಪ್ಪನನ್ನೇ ಕರೆದುಕೊಂಡು ಬಾ ಎಂದೆ. ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದವನು ಬಾಗಿಲಲ್ಲೇ ನಿಂತ.

“ನಾನು ಹೇಳೋದು ಬರೀ ಮಾತು ಅಮ್ಮೋರೆ. ಇಂಟರ್‌ನೆಟ್ಟಲ್ಲಿ ಇರೋದು ಮಾಹಿತಿ.”

“ಒಳಗೆ ಬಾರಪ್ಪ, ಆ ಬರೀ ಮಾತನ್ನೇ ಹೇಳು.”

ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತು ಹೇಳಿದ್ದನ್ನು ಅವನು ಮೊದಲ ಸಲ ಮಗಳಿಗೆ ಕೂತು ಹೇಳಿದ. ಮೆದು ಕಲ್ಲನ್ನು ಹೇಗೆ ಕೆತ್ತಿದರು, ಯಾವ ಮೂಲೆಯಲ್ಲಿ ಶಿಲ್ಪಿ ಕೆಲಸ ಅರ್ಧಕ್ಕೆ ಬಿಟ್ಟು ಎದ್ದ, ಕೆಳಸಾಲಿನ ಆನೆಗಳಲ್ಲಿ ಯಾವುದು ಸೊಂಡಿಲಿನಿಂದ ಮುಂದಿನದರ ಬಾಲ ಎಳೆಯುತ್ತದೆ. ಹುಡುಗಿ ಪ್ರಶ್ನೆ ಕೇಳಿ ಕೇಳಿ ಬರೆದಳು. ‘ಆಧಾರ’ ಎಂಬಲ್ಲಿ ‘ನಮ್ಮ ಅಪ್ಪ’ ಎಂದು ಬರೆದಾಗ ಅವನು ಕಣ್ಣೊರೆಸಿಕೊಂಡ.

ಎರಡು ದಿನಕ್ಕೆ ಹುಡುಗಿ ಅಳುತ್ತಾ ಬಂದಳು. ಪುಟದ ತಲೆಯ ಮೇಲೆ ಮೇಷ್ಟರ ಷರಾ: ‘ಅಪ್ಪ ಆಧಾರವಲ್ಲ. ಮುದ್ರಿತ ಮಾಹಿತಿ ತರುವುದು.’

“ಅಪ್ಪಂಗೆ ಹೇಳಬೇಡಿ ಅಜ್ಜಿ. ನಂಗೆ ಸೊನ್ನೆ ಕೊಟ್ರೂ ಪರವಾಗಿಲ್ಲ, ಅವರಿಗೆ ಗೊತ್ತಾಗೋದು ಬೇಡ.”

ನನ್ನ ಬಿ.ಎ. ಸುಮ್ಮನೆ ಕೂರಲಿಲ್ಲ. ಆ ಹುಡುಗಿ ಬರೆದದ್ದನ್ನೇ, ಒಂದಕ್ಷರ ತಿದ್ದದೆ, ಒಂದೇ ಬೆರಳಿನಲ್ಲಿ ಮಧ್ಯಾಹ್ನವೆಲ್ಲ ಕುಟ್ಟಿ ಪ್ರಿಂಟ್ ತೆಗೆದೆ. ಕೆಳಗೆ ‘ಹೇಳಿದವರು ಇವಳ ತಂದೆ. ನಾನು ಕೇಳಿದ್ದೇನೆ’ ಎಂದು ಸಹಿ ಮಾಡಿ ವಾಚನಾಲಯದ ದುಂಡು ಸೀಲು ಒತ್ತಿದೆ. ಇಪ್ಪತ್ತಕ್ಕೆ ಇಪ್ಪತ್ತು ಬಂತು. ಮೇಷ್ಟರು ‘ಉತ್ತಮ ಆಧಾರ’ ಎಂದೂ ಬರೆದಿದ್ದರು. ಐದನೇ ಕಾಲಂನಲ್ಲಿ ಮೊದಲ ಕೆಂಪು ಗುರುತು ಹಾಕಿ, ಆ ದಿನ ಸೊಸೆಗೆ ಹೇಳಿ ಪಾಯಸ ಮಾಡಿಸಿದೆ.

ಕೆಲವು ತಿಂಗಳ ಮೇಲೆ ಮೈಸೂರಿನಿಂದ ನಮ್ಮ ಅಕ್ಕ ಬಂದಿದ್ದಳು. ಹಳೇಬೀಡು ತೋರಿಸಲು ಕರೆದುಕೊಂಡು ಹೋದೆ. ದೂರದಿಂದಲೇ ನೋಡಿ ಗೈಡು ಓಡಿ ಬಂದ. ಇವನ ಬಾಯಲ್ಲೇ ಕೇಳಬೇಕು ಎಂದು ಅಕ್ಕನಿಗೆ ದಾರಿಯುದ್ದಕ್ಕೂ ಹೇಳಿದ್ದೆ. ಅವನು ಜೇಬಿನಿಂದ ಕನ್ನಡಕ ತೆಗೆದ. ಪ್ಲಾಸ್ಟಿಕ್ ಕವರಿನಿಂದ ನಾನು ಕುಟ್ಟಿದ್ದ ಹಾಳೆಯ ಜೆರಾಕ್ಸ್ ತೆಗೆದ. ಗೋಡೆಗೆ ಬೆನ್ನು ಮಾಡಿ ನಿಂತು, ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದ.

ನಡುವೆ ಅಕ್ಕ, “ಅಲ್ಲಿ ಒಬ್ಬಳು ಕನ್ನಡಿ ಹಿಡಿದಿದ್ದಾಳಲ್ಲ, ಅವಳು ಯಾರಪ್ಪ?” ಎಂದಳು.

ಅವನು ಹಾಳೆಯ ಮೇಲಿಂದ ಕೆಳಗೆ ಬೆರಳಾಡಿಸಿದ. ತಿರುಗಿಸಿ ಹಿಂಬದಿ ನೋಡಿದ. “ಅದು ಇದ್ರಲ್ಲಿ ಬಂದಿಲ್ಲ ಅಮ್ಮೋರೆ.”

ನನಗೆ ತಡೆಯಲಾಗಲಿಲ್ಲ. “ಏನಪ್ಪಾ ಇದು? ಇಪ್ಪತ್ತು ವರ್ಷ ಬಾಯಲ್ಲೇ ಹೇಳ್ತಿದ್ದವನು ನೀನು. ನಿನಗೆ ಗೊತ್ತಿಲ್ವಾ?”

“ಗೊತ್ತೈತೆ ಅಮ್ಮೋರೆ,” ಎಂದು ಅವನು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಸೀಲಿನ ಮೇಲೆ ಕಣ್ಣಿಟ್ಟ. “ಆದ್ರೆ ನೀವು ಸೀಲ್ ಹಾಕ್ಬಿಟ್ಟಿದ್ದೀರಿ. ಇನ್ನು ಇದರ ಮೇಲೆ ನಾನು ಮಾತಾಡಿದ್ರೆ ಚೆನ್ನಾಗಿರಲ್ಲ.”