ಅನಿವಾರ್ಯವೆಂದು ನಂಬಿಸಿದ ಮೋಟಾರು ಜೀನಿಗೆ ಒಂದು ದೂರು

ಯೀಸ್ಟ್ ಕೋಶದೊಳಗೆ ಮೋಟಾರು ಪ್ರೊಟೀನಿನ ಜೀನ್ ಆಗಿ ವಿರಾಜಮಾನರಾಗಿರುವ ಮಾನ್ಯರೇ,

ಕಾರವಾರದ ಕಡಲ ಗಾಳಿಯೂ ಸುಳಿಯದ ತಮ್ಮ ಸೂಕ್ಷ್ಮ ಸನ್ನಿಧಿಗೆ ಬೆಳಂಬಾರದ ಸಂಧ್ಯಾ ಗೌಡಳ ನಮಸ್ಕಾರಗಳು. ಕೋಶ ಒಡೆದು ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಸಾಗಿಸುವ ಕೆಲಸ ತಮ್ಮ ಪ್ರೊಟೀನಿನದೇ ಎಂದೂ, ತಾವಿಲ್ಲದೆ ಕೋಶ ಬದುಕದೆಂದೂ ನಂಬಿ, ಅದನ್ನು ಸಾಬೀತುಪಡಿಸುವುದನ್ನೇ ನಾನು ಪಿಎಚ್‌ಡಿಗೆ ಆರಿಸಿಕೊಂಡಿದ್ದೆ.

ಪಾವ್ ಉಬ್ಬಿಸುವ ಅದೇ ಯೀಸ್ಟಿನಲ್ಲಿ ತಮ್ಮ ಎರಡು ಪ್ರತಿಗಳ ಪೈಕಿ ಒಂದನ್ನು ಅಳಿಸಿ, ಆ ಯೀಸ್ಟ್ ಕಟ್ಟಿದ ನಾಲ್ಕು ಬೀಜಕಣಗಳನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ತಟ್ಟೆಯಲ್ಲಿಟ್ಟೆ. ಉಳಿದ ಒಂದು ಪ್ರತಿ ನಾಲ್ಕರಲ್ಲಿ ಎರಡಕ್ಕೆ ಮಾತ್ರ ಸಿಗುತ್ತದೆ; ತಾವಿರುವ ಆ ಎರಡು ಬೆಳೆಯಬೇಕು, ತಾವಿಲ್ಲದ ಎರಡು ಸಾಯಬೇಕು. ಮನೆಯಲ್ಲಿ ಇದನ್ನು ವಿವರಿಸಿದಾಗ ನನ್ನ ತಾಯಿ ಗಂಗಿ, "ಸಾಯ್ಲಿ ಅಂತ್ಲೇ ಸಾಕೂದಾ ಮಗಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೀನು ಹೆಚ್ಚಲು ಕುಳಿತಳು. ಅವಳ ಆಶೀರ್ವಾದವೋ ಏನೋ, ನಾಲ್ಕೂ ಬೆಳೆದವು.

ತಮ್ಮನ್ನು ಅಳಿಸಿದ್ದೇ ಸುಳ್ಳಾಗಿರಬೇಕೆಂದು ಡಿಎನ್‌ಎ ಪರೀಕ್ಷಿಸಿದೆ. ತಾವು ನಿಜವಾಗಿಯೂ ಇರಲಿಲ್ಲ. ನನ್ನ ಮಾರ್ಗದರ್ಶಕ ಉಮಾಮಹೇಶ್ವರ ಹೆಗಡೆಯವರು ತಟ್ಟೆಯನ್ನು ಬೆಳಕಿಗೆ ಹಿಡಿದು, "ತಂಗಿ, ಇದು ಬದ್ಕ್ತದೆ ಅಂದ್ರೆ ನಿನ್ನ ವಿಷಯ ಸತ್ತಂಗೇ. ಬೇರೆ ಹುಡ್ಕು" ಎಂದರು. ನಾನು ಅಂಕೋಲೆಯ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಆದರೆ ತಟ್ಟೆಯಲ್ಲಿ ತಾವಿಲ್ಲದ ಕೋಶಗಳ ಗುಂಪುಗಳು ತುಸು ಚಿಕ್ಕವಾಗಿದ್ದುದು ನನ್ನ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಬೇರೆ ಯಾರೋ ತಮ್ಮ ಕೆಲಸವನ್ನು ಏದುಸಿರು ಬಿಡುತ್ತಾ ಮಾಡುತ್ತಿರಬೇಕಲ್ಲವೇ? ತಮ್ಮನ್ನೇ ಹೋಲುವ ಇನ್ನೊಂದು ಜೀನನ್ನು ಹುಡುಕಿ, ಮೊದಲು ಅದನ್ನು ಮಾತ್ರ ಅಳಿಸಿದೆ, ಯೀಸ್ಟ್ ಬದುಕಿತು. ಆಮೇಲೆ ಇಬ್ಬರನ್ನೂ ಅಳಿಸಿದೆ. ಇಬ್ಬರೂ ಇಲ್ಲದ ಬೀಜಕಣಗಳ ಜಾಗ ತಟ್ಟೆಯಲ್ಲಿ ಖಾಲಿ ಉಳಿಯಿತು. ತಮ್ಮನ್ನು ಮರಳಿ ಸೇರಿಸಿದ ಕೋಶಗಳು ಮಾತ್ರ ಜೀವ ಹಿಡಿದವು. ಹೆಗಡೆಯವರು ಈ ತಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿ, ವಿಷಯ ಬದಲಿಸಬೇಡವೆಂದರು. ಸಾವನ್ನು ಕಂಡು ಅಷ್ಟು ಸಂತೋಷಪಟ್ಟದ್ದು ಅವ್ವಿಗೆ ತಿಳಿಯದಿರಲಿ.

ರಜೆಯಲ್ಲಿದ್ದರೂ ಕಚೇರಿ ನಡೆಯುವಂತೆ ಏರ್ಪಾಡು ಮಾಡಿಟ್ಟ ತಮ್ಮ ದಕ್ಷತೆ ಶ್ಲಾಘನೀಯವೇ. ಇನ್ನು ಮುಂದಾದರೂ, ತಮ್ಮನ್ನು ಅಳಿಸುವ ಮೊದಲೇ ಬದಲಿ ನೌಕರರ ಹೆಸರನ್ನು ಕೋಶದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಪ್ರಕಟಿಸಬೇಕಾಗಿ ವಿನಂತಿ.

ತಮ್ಮನ್ನು ಅಳಿಸಿದ ಮೇಲೂ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಸಂಧ್ಯಾ ಗೌಡ

ವಿ.ಸೂ.: ನಮ್ಮ ಸಂಶೋಧನಾ ಕೇಂದ್ರದಲ್ಲಿ ಉಪನಿರ್ದೇಶಕರೂ ಇಬ್ಬರಿದ್ದಾರೆ. ಅವರ ಮೇಲೆ ಇದೇ ಪ್ರಯೋಗ ನಡೆಸಲು ಅನುಮತಿ ಕೋರಿದ್ದೇನೆ. ಇಬ್ಬರನ್ನೂ ಒಟ್ಟಿಗೆ ತೆಗೆದರೆ ಬೆಳವಣಿಗೆ ಹೆಚ್ಚುತ್ತದೆಂಬುದು ನನ್ನ ಊಹೆ.