ಹಸಿರು ಜಗ್ಗು ಮತ್ತು ಮೂರು ಬೇಡಗಳು

ಬ್ರಿಟಿಷರ ಹಳೆಯ ಮಣ್ಣಿನ ಕಲಾಪಾತ್ರೆಗಳ ವಿಷಯದಲ್ಲಿ ಬಹ್ರೈನಿನ ಕನ್ನಡಿಗರ ಪೈಕಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ಅತ್ಯಂತ ವಿನಯದಿಂದ ಹೇಳಬಲ್ಲೆ. ಬೇರೆ ಯಾರಿಗೂ ಆ ವಿಷಯದಲ್ಲಿ ಏನೂ ತಿಳಿದಿಲ್ಲವಾದ್ದರಿಂದ ಈ ಸ್ಥಾನಕ್ಕೆ ಸ್ಪರ್ಧೆಯೂ ಇರಲಿಲ್ಲ!

ಈ ಪಾಂಡಿತ್ಯವನ್ನು ನನಗೆ ದಯಪಾಲಿಸಿದವರು ಫರ್ಗಸ್ ಸರ್. ಮನಾಮಾದ ಹಡಗು ಸರಕಿನ ಕಚೇರಿಯೊಂದರಲ್ಲಿ ಅವರು ಮ್ಯಾನೇಜರ್, ನಾನು ಅವರ ಸಹಾಯಕ. ಇಪ್ಪತ್ತೆರಡು ವರ್ಷ ಹಾಗೆಯೇ ಕಳೆಯಿತು. ಸರ್ ಸ್ಕಾಟ್ಲೆಂಡಿನವರು, ಒಂಟಿ ಜೀವ. ಉಳಿದ ಸಾಹೇಬರು ರಜೆ ಸಿಕ್ಕಿದರೆ ಗಾಲ್ಫ್ ಆಡಲು ಹೋಗುತ್ತಿದ್ದರು. ಇವರು ಕಂಪ್ಯೂಟರಿನ ಮುಂದೆ ಕುಳಿತು ತಮ್ಮ ಊರಿನ ಹರಾಜುಗಳಲ್ಲಿ ಭಾಗವಹಿಸುತ್ತಿದ್ದರು. ನೂರು ವರ್ಷ ಹಳೆಯ ಹೂದಾನಿಗಳು, ಯಾರದೋ ಮುತ್ತಜ್ಜಿಯ ಬೆಳ್ಳಿ ಚಮಚಗಳು, ಈಗಿನ ಸ್ಕಾಟಿಷ್ ಚಿತ್ರಕಾರರು ಬರೆದ ಮೋಡ, ಸಮುದ್ರ, ಕುರಿ. ಇವೆಲ್ಲ ವಿಮಾನವೇರಿ ಬಂದಾಗ ಕಾರ್ಗೋ ಕಚೇರಿಯಲ್ಲಿ ಅರ್ಧ ದಿನ ನಿಂತು, ಕಾಗದಕ್ಕೆ ಮುದ್ರೆ ಹಾಕಿಸಿ, ಪೆಟ್ಟಿಗೆಯನ್ನು ಎದೆಗವಚಿಕೊಂಡು ತರುವ ಕೆಲಸ ನನ್ನದು. ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದಾಗಲೂ ನಾನು ಅಷ್ಟು ಜಾಗ್ರತೆ ವಹಿಸಿರಲಿಲ್ಲ ಎಂದು ನನ್ನ ಹೆಂಡತಿ ವಿಜಯಾ ಈಗಲೂ ಹೇಳುತ್ತಾಳೆ.

ಗುರುವಾರ ಸಂಜೆ ಕೆಲಸ ಮುಗಿದ ಮೇಲೆ ಸರ್ ಮನೆಯಲ್ಲಿ ಪೆಟ್ಟಿಗೆ ಬಿಚ್ಚುವ ಕಾರ್ಯಕ್ರಮ. "ಮೊದಲು ಅಡಿ ನೋಡು, ಸದಾ," ಎನ್ನುತ್ತಿದ್ದರು ಸರ್. ಸದಾಶಿವ ಎನ್ನಲು ಅವರ ನಾಲಿಗೆ ಇಪ್ಪತ್ತೆರಡು ವರ್ಷವೂ ಹೊರಳಲಿಲ್ಲ. ಪಾತ್ರೆಯ ಅಡಿಯಲ್ಲಿ ಕುಂಬಾರನ ಗುರುತು ಇರುತ್ತದೆ, ಅದೇ ಅದರ ಜಾತಕ ಎಂದು ವಿವರಿಸುತ್ತಿದ್ದರು. ಈ ವಿದ್ಯೆ ನನ್ನ ರಕ್ತಕ್ಕೆ ಇಳಿಯಿತು. ಎಲ್ಲಿಗೆ ಹೋದರೂ ಪಾತ್ರೆ ಕಂಡರೆ ಬುಡಮೇಲು ಮಾಡಿ ನೋಡದೆ ಇರಲಾಗುತ್ತಿರಲಿಲ್ಲ. ಸನದ್‌ನಲ್ಲಿ ಸ್ನೇಹಿತರೊಬ್ಬರ ಹೊಸ ಮನೆಯ ಪೂಜೆಗೆ ಹೋದಾಗ ಚಂದದ ಹೂದಾನಿಯೊಂದನ್ನು ಹೀಗೇ ಪರೀಕ್ಷಿಸಿದೆ. ಅದರಲ್ಲಿ ನೀರಿತ್ತು! ಅವರ ಸೋಫಾ ಒಣಗಲು ಮೂರು ದಿನ ಬೇಕಾಯಿತಂತೆ. ಮುಂದಿನ ಪೂಜೆಗೆ ಅವರು ವಿಜಯಾಳಿಗೆ ಮಾತ್ರ ಫೋನ್ ಮಾಡಿದರು.

ಸರ್ ಮನೆಯ ಅಷ್ಟೂ ವೈಭವದಲ್ಲಿ ನನ್ನ ಮನಸ್ಸು ನಿಂತದ್ದು ಒಂದು ಹಸಿರು ಹಾಲಿನ ಜಗ್ಗಿನ ಮೇಲೆ. ಎಳೆ ಬಸಳೆ ಎಲೆಯ ಬಣ್ಣ, ಅಂಗೈ ಎತ್ತರ, ಬಾಯಿ ತುಸು ಸೊಟ್ಟ. ಹಾಲು ಬಗ್ಗಿಸಿದರೆ ಕೊನೆಯ ಹನಿ ಯಾವಾಗಲೂ ಮೇಜಿನ ಮೇಲೆಯೇ ಬೀಳುತ್ತಿತ್ತು. ಸಂಗ್ರಹದಲ್ಲೆಲ್ಲ ಅತಿ ಸಾಧಾರಣ ವಸ್ತು. ಆದರೆ ನಮ್ಮ ಗುರುವಾರದ ಚಹಾಕ್ಕೆ ಸರ್ ಹೊರಗೆ ತೆಗೆಯುತ್ತಿದ್ದುದು ಅದನ್ನೇ. ಊರಲ್ಲಿ ಅಪ್ಪ ತೀರಿಹೋದ ಸುದ್ದಿ ಬಂದ ದಿನ ವಿಮಾನದಲ್ಲಿ ಸೀಟು ಸಿಗಲಿಲ್ಲ. ಸರ್ ನನ್ನನ್ನು ತಮ್ಮ ಮನೆಗೆ ಕರೆದೊಯ್ದು ಕೂರಿಸಿದರು. ಸಮಾಧಾನದ ಮಾತು ಅವರಿಗೂ ಬರುತ್ತಿರಲಿಲ್ಲ, ನನಗೂ ಬೇಕಿರಲಿಲ್ಲ. ಕಪ್ಪು ಖಾಲಿಯಾದಾಗಲೆಲ್ಲ ಚಹಾ ಹಾಕಿ, ಆ ಜಗ್ಗಿನಿಂದ ಹಾಲು ಬಗ್ಗಿಸುತ್ತಿದ್ದರು. ಆ ಸಂಜೆ ಎಷ್ಟು ಕಪ್ಪು ಕುಡಿದೆನೋ ನೆನಪಿಲ್ಲ.

ಹೀಗಿರುವಾಗ ಸರ್ ನಿವೃತ್ತರಾದರು. ಊರಿಗೆ ಎಲ್ಲವನ್ನೂ ಒಯ್ಯಲಾಗದೆ, ಬಹಳಷ್ಟನ್ನು ಇಲ್ಲಿಯೇ ಹರಾಜು ಹಾಕಿಸಿ, ಬಂದ ಹಣವನ್ನು ರೋಗಿಗಳಾದ ಮಕ್ಕಳ ಚಿಕಿತ್ಸೆಗೆ ಕೊಡುವುದೆಂದು ನಿರ್ಧರಿಸಿದರು. ಪಟ್ಟಿ ಹಿಡಿದು ಕುಳಿತವರು ನನ್ನತ್ತ ತಿರುಗಿ ಕೇಳಿದರು: "ಸದಾ, ಇದರಲ್ಲಿ ನಿನಗೆ ಏನಾದರೂ ಬೇಕಾ? ಆ ಹಸಿರು ಜಗ್ಗು?"

ನನ್ನ ಹೃದಯ ಬಾಯಿಗೆ ಬಂತು. ಆದರೆ ಬಾಯಿಂದ ಬಂದದ್ದು ಬೇರೆ! "ಛೆ ಛೆ, ಬೇಡ ಸರ್! ನನಗೆ ಯಾಕೆ ಅದೆಲ್ಲ?"

ಇದನ್ನು ಸ್ವಲ್ಪ ವಿವರಿಸಬೇಕು. ನಾನು ಕಾರ್ಕಳದ ಕಡೆಯವನು. ನಮ್ಮಲ್ಲಿ ಮೊದಲ ಸಲ ಕೇಳಿದಾಗಲೇ 'ಬೇಕು' ಎಂದವನನ್ನು ಬರಗೆಟ್ಟವನು ಎನ್ನುತ್ತಾರೆ. ಬೇಡ ಎನ್ನಬೇಕು, ಅವರು ಒತ್ತಾಯಿಸಬೇಕು. ಮತ್ತೆ ಬೇಡ ಎನ್ನಬೇಕು, ಅವರು ಕೈಹಿಡಿದು ಒತ್ತಾಯಿಸಬೇಕು. ಮೂರನೆಯ ಬೇಡದ ನಂತರ ಅವರು 'ನನ್ನ ಮೇಲೆ ಆಣೆ' ಎನ್ನುವಾಗ, ಮಹಾ ಸಂಕಟ ಪಡುತ್ತ ತೆಗೆದುಕೊಳ್ಳಬೇಕು. ಇದು ಮರ್ಯಾದಸ್ತರ ಕ್ರಮ. ನಾನು ಕ್ರಮಪ್ರಕಾರ ಮೊದಲ ಬೇಡ ಹೇಳಿ, ಎರಡನೆಯದನ್ನು ನಾಲಿಗೆಯ ಮೇಲೆ ಸಿದ್ಧವಿಟ್ಟು ಕಾದೆ.

ಸರ್ "ಸರಿ" ಎಂದು ಪಟ್ಟಿಯಲ್ಲಿ ಗೀಟು ಹಾಕಿದರು.

ಮನೆಗೆ ಬಂದು ಹೇಳಿದಾಗ ವಿಜಯಾ ತಲೆಗೆ ಕೈಯಿಟ್ಟಳು. "ಅಲ್ಲ ಮಾರಾಯ್ರೆ, ಬೇಡ ಅಂತ ಯಾಕೆ ಹೇಳ್ಲಿಕ್ಕೆ ಹೋದ್ರಿ?"

"ಇನ್ನೊಮ್ಮೆ ಕೇಳ್ತಾರೆ ಅಂತ ಗ್ರಹಿಸಿದೆ."

"ಇನ್ನೊಮ್ಮೆ ಕೇಳ್ಲಿಕ್ಕೆ ಅವರೆಂತ ಕಾರ್ಕಳದವರಾ? ನಾಳೆ ಹೋಗಿ ಬೇಕು ಅಂತ ಹೇಳಿ."

"ಬೇಡ ಹೇಳಿ ಆದ ಮೇಲೆ ಬೇಕು ಅಂತ ಹೇಗೆ ಹೇಳುವುದು? ಮರ್ಯಾದೆ ಬೇಡ್ವಾ? ಹರಾಜಿನಲ್ಲಿ ನಾನೇ ತೆಗೀತೇನೆ ಬಿಡು. ಮನಾಮಾ ಸೂಕಿನಲ್ಲಿ ಚೌಕಾಸಿ ಮಾಡುವುದರಲ್ಲಿ ನನ್ನನ್ನು ಮೀರಿಸಿದವರು ಯಾರುಂಟು?"

ಅದು ಸುಳ್ಳಲ್ಲ. ಸೂಕ್ ಎನ್ನುವ ಇಲ್ಲಿನ ಪೇಟೆಯ ಹಳೆಯ ಗಲ್ಲಿಗಳಲ್ಲಿ ನನ್ನನ್ನು ಕಂಡರೆ ಅಂಗಡಿಯವರು ನಿಟ್ಟುಸಿರು ಬಿಡುತ್ತಿದ್ದ ಕಾಲವಿತ್ತು. ನನ್ನ ಶಾಸ್ತ್ರದಲ್ಲಿ ಎರಡೇ ಸೂತ್ರ. ಕಂಬಳಿ ಬೇಕಿದ್ದರೆ ಮೊದಲು ದೀಪದ ಬೆಲೆ ಕೇಳಬೇಕು. ನಂತರ ಕಂಬಳಿಯ ಬೆಲೆ ಕೇಳಿ, "ಬಹುತ್ ಜ್ಯಾದಾ ಹೈ" ಎಂದು ಮುಖ ತಿರುಗಿಸಿ ನಡೆದುಬಿಡಬೇಕು. ಮೂರನೆಯ ಹೆಜ್ಜೆಗೆ "ಭಾಯಿಸಾಬ್, ಆಯಿಯೇ ಆಯಿಯೇ!" ಎಂದು ಹಿಂದಿನಿಂದ ಕರೆ ಬರುತ್ತದೆ. ನಾಲ್ಕನೆಯ ಹೆಜ್ಜೆ ಇಟ್ಟ ದಾಖಲೆಯೇ ನನ್ನ ಜೀವನದಲ್ಲಿಲ್ಲ!

ಹರಾಜು ನಡೆದದ್ದು ಮನಾಮಾದ ಹೋಟೆಲೊಂದರ ಸಣ್ಣ ಸಭಾಂಗಣದಲ್ಲಿ. ಸರ್ ಮೊದಲ ಸಾಲಿನಲ್ಲಿ ಕೋಟು ಹಾಕಿ ಕುಳಿತಿದ್ದರು. ಅವರ ಸ್ನೇಹಿತರಾದ ಉದ್ದನೆಯ ಇಂಗ್ಲಿಷ್ ಸಾಹೇಬರೊಬ್ಬರು ಮರದ ಸುತ್ತಿಗೆ ಹಿಡಿದು ಮೇಜಿನ ಹಿಂದೆ ನಿಂತಿದ್ದರು. ನನಗೆ ನಂಬರು ಬರೆದ, ಬೀಸಣಿಗೆಯಂಥ ಹಲಗೆಯೊಂದನ್ನು ಕೊಟ್ಟರು; ಕೂಗುವ ಬದಲು ಅದನ್ನು ಎತ್ತಬೇಕಂತೆ. ಮುಖದಲ್ಲಿ ಯಾವ ಆಸೆಯನ್ನೂ ತೋರಿಸಬಾರದೆಂದು ವಿಜಯಾಳಿಗೆ ಮೊದಲೇ ಕಟ್ಟಪ್ಪಣೆ ಮಾಡಿದ್ದೆ.

ಮೊದಲ ಸೂತ್ರದಂತೆ, ಜಗ್ಗಿನ ಮೇಲಿನ ಆಸೆ ಮುಚ್ಚಿಡಲು ಬೇರೆ ಸಾಮಾನಿನಲ್ಲಿ ಆಸಕ್ತಿ ತೋರಿಸಿದೆ. ಬೆಳ್ಳಿಯ ಚಹಾ ಸೋಸಣಿಗೆ ಬಂತು. ಬೀಸಣಿಗೆ ಎತ್ತಿದೆ. ಬೇರೆ ಯಾರೂ ಎತ್ತಲಿಲ್ಲ. ಟಕ್! ಸುತ್ತಿಗೆ ಬಿತ್ತು, ಸೋಸಣಿಗೆ ನನ್ನದು.

"ಎಂತದಿದು?" ಎಂದು ವಿಜಯಾ ಪಿಸುಗುಟ್ಟಿದಳು.

"ಸುಮ್ನೆ ಬೆಲೆ ಕೇಳಿದ್ದು!"

ಸೂಕಿನಲ್ಲಿ ಬೆಲೆ ಕೇಳಿದವನು ಬರೀ ಕೇಳಿದವನು. ಹರಾಜಿನಲ್ಲಿ ಕೇಳಿದವನೇ ಕೊಂಡವನು! ಇಪ್ಪತ್ತೆರಡು ವರ್ಷ ಪೆಟ್ಟಿಗೆ ಹೊತ್ತ ಪಂಡಿತನಿಗೆ ಈ ಸಣ್ಣ ವಿಷಯ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಒಂದು ಚಿತ್ರಕ್ಕೂ ಬೀಸಣಿಗೆ ಎತ್ತಿಯಾಗಿತ್ತು. ನಮ್ಮ ಮಂಚದಷ್ಟು ಉದ್ದದ ಚಿತ್ರ. ಇಡೀ ಬೂದು ಬಣ್ಣ. ಉತ್ತರ ಸ್ಕಾಟ್ಲೆಂಡಿನ ಸಮುದ್ರದ ಮೇಲಿನ ಮಂಜಂತೆ. ಆ ಮಂಜು ನನ್ನ ಹೊರತು ಯಾರಿಗೂ ಬೇಕಿರಲಿಲ್ಲ. ಸರ್ ಹಿಂದೆ ತಿರುಗಿ ನೋಡಿ ಹೆಮ್ಮೆಯಿಂದ ತಲೆದೂಗಿದರು. ಈಗ ಅದು ಸನದ್‌ನ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಊರಿನಿಂದ ಬಂದ ನೆಂಟರೆಲ್ಲ "ಗೋಡೆಗೆ ನೀರು ಇಳೀತಾ ಉಂಟಲ್ಲ, ಓನರಿಗೆ ಹೇಳ್ಲಿಲ್ವಾ?" ಎಂದು ಕಾಳಜಿಯಿಂದ ಕೇಳುತ್ತಾರೆ.

ಕೊನೆಗೆ ಜಗ್ಗು ಬಂತು. ನಾನು ಬೀಸಣಿಗೆ ಎತ್ತಿದೆ. ಹಿಂದಿನ ಸಾಲಿನಿಂದ ಯಾರೋ ಎತ್ತಿದರು. ನಾನು ಮತ್ತೆ ಎತ್ತಿದೆ, ಅವರೂ ಎತ್ತಿದರು. ಇನ್ನೂ ಏರಿಸುವ ಶಕ್ತಿ ನನಗಿತ್ತು. ಆದರೆ ಎರಡನೆಯ ಸೂತ್ರಕ್ಕೆ ಇದೇ ಮುಹೂರ್ತ ಎಂದು ಹೊಳೆಯಿತು. "ಟೂ ಮಚ್!" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಎದ್ದು, ಬೀಸಣಿಗೆಯನ್ನು ಕುರ್ಚಿಯ ಮೇಲೆ ಎಸೆದು, ಬಾಗಿಲಿನ ಕಡೆ ಹೊರಟೆ.

ಒಂದು ಹೆಜ್ಜೆ. ಎರಡು ಹೆಜ್ಜೆ. ಕರೆಯುತ್ತಾರೆ, ಕರೆಯಲೇಬೇಕು. ಮೂರನೆಯ ಹೆಜ್ಜೆಯನ್ನು ಆದಷ್ಟು ನಿಧಾನವಾಗಿ ಇಟ್ಟೆ.

ಟಕ್!

ನಾಲ್ಕನೆಯ ಹೆಜ್ಜೆ ಎಲ್ಲಿಡಬೇಕೆಂದು ತಿಳಿಯದೆ ಹಾಗೆಯೇ ಹೊರಗೆ ಹೋಗಿ ಲಿಫ್ಟಿನ ಎದುರು ನಿಂತೆ. ಸ್ವಲ್ಪ ಹೊತ್ತಿನಲ್ಲಿ ಸರ್ ಬಂದರು. "ಯಾಕೆ ಎದ್ದು ಬಂದೆ, ಸದಾ?"

"ಫೋನ್ ಬಂತು ಸರ್." ಫೋನು ವಿಜಯಾಳ ಬ್ಯಾಗಿನಲ್ಲಿತ್ತು.

ಮರುವಾರ ಸರ್ ಹೊರಟುಹೋದರು. ವಿಮಾನ ನಿಲ್ದಾಣದಲ್ಲಿ ನನ್ನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. ಹೇಳಲು ನನಗೆ ಬಹಳ ಇತ್ತು. "ಹ್ಯಾಪಿ ಜರ್ನಿ ಸರ್" ಎಂದಷ್ಟೇ ಹೇಳಿದೆ. ಬಳಿಕ ಬಂದ ಗುರುವಾರ ಕೆಲಸ ಮುಗಿದ ಮೇಲೆ ಅಭ್ಯಾಸಬಲದಿಂದ ಕಾರನ್ನು ಅವರ ಮನೆಯ ಗೇಟಿನವರೆಗೆ ಓಡಿಸಿದ್ದೆ. ಗೇಟಿಗೆ 'ಬಾಡಿಗೆಗಿದೆ' ಎಂಬ ಫಲಕ ತೂಗುತ್ತಿತ್ತು. ಕಾರಿನಲ್ಲೇ ಕುಳಿತು ಸ್ವಲ್ಪ ಅತ್ತೆ. ಇದರಲ್ಲಿ ತಮಾಷೆ ಏನೂ ಇಲ್ಲ.

ಹೊಸ ವರ್ಷಕ್ಕೆ ಸರ್ ಫೋನ್ ಮಾಡಿದಾಗ ಧೈರ್ಯ ತಂದುಕೊಂಡು ಹೇಳಿಬಿಟ್ಟೆ. "ಸರ್, ನನಗೆ ಆ ಹಸಿರು ಜಗ್ಗು ಬೇಕಿತ್ತು."

ಸರ್ ಹೇಳಿದರು, "ನಿನಗೆ ಇಷ್ಟ ಅಂತ ಗೊತ್ತಿದ್ದೇ ಅಲ್ಲವಾ ಪ್ರತಿ ಗುರುವಾರ ಅದನ್ನೇ ತೆಗೆಯುತ್ತಿದ್ದದ್ದು? ನೀನು ಬೇಡ ಅಂದಾಗ ನನಗೆ ನಿಜವಾಗಿ ಬೇಸರವಾಯಿತು, ಸದಾ. ಅದು ನಿನ್ನ ಹತ್ತಿರ ಇದ್ದಿದ್ದರೆ ನನಗೆ ಸಮಾಧಾನ ಇರುತ್ತಿತ್ತು."

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ. ಹೇಗಾದರೂ ಮಾಡಿ ಆ ಜಗ್ಗನ್ನು ತಂದು, ನನ್ನ ಹತ್ತಿರವೇ ಇದೆ ಸರ್ ಎಂದು ಹೇಳಲೇಬೇಕೆಂದು ಪಣ ತೊಟ್ಟೆ.

ಕೊಂಡವರನ್ನು ಪತ್ತೆ ಹಚ್ಚಿದವಳು ವಿಜಯಾ. ಮದುವೆಯ ಆರತಕ್ಷತೆಯೊಂದರಿಂದ ಬಂದವಳೇ ಬಾಗಿಲಿನಲ್ಲೇ ಕೂಗಿದಳು. "ಜಗ್ಗು ಸಿಕ್ಕಿತು! ಅರಾದ್‌ನಲ್ಲಿ ಉಂಟು. ಫಿಲೋಮಿನಾ ಬಾಯಿ ಅಂತ, ನರ್ಸು. ನಮ್ಮ ಶಿರ್ವದ ಕಡೆಯವರು ಮಾರಾಯ್ರೆ! ಶುಕ್ರವಾರ ಬನ್ನಿ ಅಂತ ಹೇಳಿದ್ದಾರೆ."

ಶಿರ್ವದವರು, ನಮ್ಮ ಕಾರ್ಕಳದ ನೆರೆಯವರು! ನನಗೆ ಹೋದ ಜೀವ ಬಂದಂತಾಯಿತು. ನಮ್ಮವರೆಂದರೆ ನಮ್ಮ ಕ್ರಮ ಗೊತ್ತಿರುವವರು. ಇನ್ನು ಹೆದರಿಕೆಯಿಲ್ಲ.

ಶುಕ್ರವಾರ ಹೋದೆವು. ಫಿಲೋಮಿನಾ ಬಾಯಿ ಚಕ್ಕುಲಿ, ಕೇಕು, ಚಹಾ ಎಲ್ಲ ಇಟ್ಟರು. ಅವರ ಮಗಳು ಶಾರನ್, ಇಲ್ಲಿಯೇ ಹುಟ್ಟಿ ಬೆಳೆದವಳು, ಬ್ಯಾಂಕೊಂದರಲ್ಲಿ ಕೆಲಸಕ್ಕಿರುವವಳು, ಸೋಫಾದ ಮೂಲೆಯಲ್ಲಿ ಕುಳಿತಿದ್ದಳು. ಗಾಜಿನ ಕಪಾಟಿನಲ್ಲಿ ಮಾತೆ ಮರಿಯಮ್ಮನ ಮೂರ್ತಿಯ ಪಕ್ಕದಲ್ಲಿ ನನ್ನ ಜಗ್ಗು! ಫಿಲೋಮಿನಾ ಬಾಯಿ ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು. ನೀರಿಲ್ಲವೆಂದು ಖಚಿತಪಡಿಸಿಕೊಂಡು ಅಡಿ ನೋಡಿದೆ. ಅದೇ ಗುರುತು. ಜಗ್ಗು ಹಿಡಿದ ನನ್ನ ಫೋಟೋವನ್ನು ವಿಜಯಾ ತೆಗೆದಳು. ನಾನು ಸರ್ ಕಥೆ, ಅಪ್ಪ ತೀರಿಹೋದ ದಿನದ ಕಥೆ ಎಲ್ಲ ಹೇಳಿದೆ. ಬಾಯಿ ಕಣ್ಣೊರೆಸಿಕೊಂಡರು.

"ಅಯ್ಯೋ ದೇವಾ! ಇಷ್ಟು ಮನಸ್ಸುಂಟಾದ್ರೆ ನೀವೇ ತಕೊಂಡು ಹೋಗಿ ಅಲ್ಲ! ಮಕ್ಕಳ ಚಿಕಿತ್ಸೆಗೆ ಅಂತ ಆವತ್ತು ತೆಗೆದದ್ದು. ಇಲ್ಲಿ ಧೂಳು ತಿಂತಾ ಕೂತಿದೆ."

"ಛೆ ಛೆ, ಬೇಡ ಬಾಯಮ್ಮ!" ಎಂದೆ. ಮೊದಲನೆಯದು.

"ಎಂತದು ಬೇಡ? ದುಡ್ಡು ಗಿಡ್ಡು ಏನೂ ಬೇಡ, ತಕೊಳ್ಳಿ!"

"ಇಲ್ಲಪ್ಪ, ಬೇಡ. ನೋಡಿದ್ದೇ ಸಂತೋಷ." ಎರಡನೆಯದು. ವಿಜಯಾ ನನ್ನ ಕಾಲು ತುಳಿದಳು. ಬಾಯಿ ಎದ್ದು ಬಂದು ಜಗ್ಗಿನ ಮೇಲಿದ್ದ ನನ್ನ ಕೈಗಳನ್ನು ಒತ್ತಿ ಹಿಡಿದರು. ಆಹಾ, ಎಷ್ಟು ವರ್ಷವಾಗಿತ್ತು ಇಂಥ ಒತ್ತಾಯ ಕಂಡು! ಊರಿಗೇ ಹೋದಂತಾಯಿತು.

"ನೀವು ತಕೊಳ್ಳದಿದ್ರೆ ನಂಗೆ ಬೇಜಾರಾಗ್ತದೆ ನೋಡಿ!"

"ಬೇಡ ಬಾಯಮ್ಮ, ಬೇಡ," ಎಂದು ಮೂರನೆಯದನ್ನೂ ಹೇಳಿ, ಜಗ್ಗನ್ನು ಎದೆಯ ಹತ್ತಿರಕ್ಕೆ ತಂದುಕೊಂಡೆ. ಇನ್ನು ಒಂದು ಆಣೆ ಬಾಕಿ.

"ಮಮ್ಮಿ, ಪ್ಲೀಸ್!" ಎಂದು ಶಾರನ್ ಎದ್ದು ನಿಂತಳು. "ಅಂಕಲ್ ಮೂರು ಸಲ ನೋ ಹೇಳಿದ್ರಲ್ಲ. ಯಾಕೆ ಫೋರ್ಸ್ ಮಾಡ್ತೀರಿ? ನೋ ಅಂದ್ರೆ ನೋ. ಅವರಿಗೆ ಎಷ್ಟು ಅನ್‌ಕಂಫರ್ಟಬಲ್ ಆಗಿದೆ ನೋಡಿ, ಮುಖ ಹೇಗಾಗಿದೆ!"

ಅವಳು ನನ್ನ ಕೈಯಿಂದ ಜಗ್ಗನ್ನು ಬಹಳ ಗೌರವದಿಂದ ಬಿಡಿಸಿಕೊಂಡು ಕಪಾಟಿನಲ್ಲಿಟ್ಟು ಬೀಗ ತಿರುಗಿಸಿದಳು. "ಸಾರಿ ಅಂಕಲ್," ಎಂದಳು. ಒಳ್ಳೆಯ ಹುಡುಗಿ. ತಪ್ಪು ಹೇಳುವಂತಿಲ್ಲ.

ಮನೆಗೆ ಮರಳುವಾಗ, ಅರಾದ್ ಕಡೆಯ ಸೇತುವೆ ದಾಟುತ್ತಲೇ ವಿಜಯಾ ಕೇಳಿದಳು. "ನಿಮ್ಮ ಮಂಡೆ ಸಮ ಉಂಟಾ? ಆ ಮೂರನೇ ಬೇಡ ಯಾಕೆ ಬೇಕಿತ್ತು?"

"ಮರ್ಯಾದೆ," ಎಂದೆ.

"ಹೌದು. ಜಗ್ಗು ಅವರ ಹತ್ತಿರ ಉಂಟು, ಮರ್ಯಾದೆ ನಮ್ಮ ಹತ್ತಿರ ಉಂಟು. ಇನ್ನು ಗುರುವಾರ ಅದಕ್ಕೇ ಹಾಲು ಹಾಕಿ ಕುಡಿಯಿರಿ!"

ಜಗ್ಗು ಕಂಡ ವಿಷಯವನ್ನಾದರೂ ಸರ್‌ಗೆ ತಿಳಿಸೋಣವೆಂದು ವಿಜಯಾ ತೆಗೆದ ಫೋಟೋ ಕಳಿಸಿದೆ. ಕೆಳಗೆ ವಿವರ ಬರೆಯುತ್ತಿರುವಾಗಲೇ ಅವರ ಉತ್ತರ ಬಂತು. "ಓ ಸದಾ! ಕೊನೆಗೂ ಅದು ನಿನ್ನ ಕೈ ಸೇರಿತಲ್ಲ! ಇವತ್ತು ನನ್ನಷ್ಟು ಸಂತೋಷದ ಮುದುಕ ಈ ಊರಿನಲ್ಲಿಲ್ಲ. ಮುಂದಿನ ಚಳಿಗಾಲಕ್ಕೆ ಬರುತ್ತೇನೆ, ಅದರಲ್ಲೇ ಹಾಲು ಹಾಕಿ ಚಹಾ ಕೊಡು. ಸರಿಯಾ?"

ಬರೆದದ್ದನ್ನೆಲ್ಲ ಅಳಿಸಿದೆ. ಜೀವಮಾನವಿಡೀ ಬೇಕಾದಲ್ಲೆಲ್ಲ 'ಬೇಡ' ಎಂದುಕೊಂಡು ಬಂದ ಈ ಮಹಾನುಭಾವ, 'ಇಲ್ಲ' ಎನ್ನಲೇಬೇಕಾಗಿದ್ದ ಒಂದೇ ಒಂದು ಕಡೆ 'ಖಂಡಿತ ಸರ್' ಎಂದು ಬರೆದು ಕಳಿಸಿದ!