ನಾನು ಹೊಡೆದು ಹಾಕಿದ ಗ್ಯಾರಂಟಿ

ನಮ್ಮ ಹಿತ್ತಲಿನ ತೆಂಗಿನ ಮರ ಕಡಿಸುವ ಮಾತು ಬಂತು. ಯಾಕಿರಬಹುದು, ಊಹೆ ಮಾಡಿ ನೋಡೋಣ. ನುಸಿ ಬಿದ್ದಿತ್ತೆ? ಇಲ್ಲ. ಸಿಡಿಲು ಬಡಿದಿತ್ತೆ? ಅದೂ ಇಲ್ಲ. ನಾನು ಒಬ್ಬನ ಮಾತಿನಿಂದ ಮೂರು ಪದ ಹೊಡೆದು ಹಾಕಿದ್ದೆ, ಅಷ್ಟೆ.

ಕಚೇರಿಯಲ್ಲಿ ಮೂವತ್ತೊಂದು ವರ್ಷ ಬೇರೆಯವರ ಕರಡು ತಿದ್ದಿ ನಿವೃತ್ತನಾದವನು ನಾನು. ‘ರಿಟರ್ನ್ ಬ್ಯಾಕ್’ ಕಂಡರೆ ‘ಬ್ಯಾಕ್’ ಮೇಲೆ ಕೆಂಪು ಗೆರೆ, ‘ರಿಪೀಟ್ ಎಗೇನ್’ ಕಂಡರೆ ‘ಎಗೇನ್’ ಮೇಲೆ. ಈಗ ಕಡತ ಹೋಗಿದೆ, ಚಟ ಉಳಿದಿದೆ. ತಿಪಟೂರಿನ ಜನರ ಬಾಯಿಗೆ ಗೆರೆ ಎಳೆಯುತ್ತಾ ಓಡಾಡುತ್ತೇನೆ. ದಿನಕ್ಕೊಂದು ಪ್ರಸಂಗ ನಡೆಯುತ್ತದೆ. ಇದುವರೆಗೆ ಒಂದು ಪದವೂ ಕಡಿಮೆಯಾಗಿಲ್ಲ.

ಸೆಂಟರ್ ಮಧ್ಯ

ತುರುವೇಕೆರೆ ಬಸ್ಸು. ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ಒಂದೇ ಸಮ ಕೂಗುತ್ತಿದ್ದ: “ಫ್ರಂಟ್ ಮುಂದಕ್ಕೆ ಹೋಗಿ. ಸೆಂಟರ್ ಮಧ್ಯದಲ್ಲಿ ನಿಲ್ಲಬೇಡಿ.”

ತಡೆಯಲಾಗಲಿಲ್ಲ. “ಸೆಂಟರ್ ಅಂದರೂ ಮಧ್ಯ ಅಂದರೂ ಒಂದೇ ಕಣಪ್ಪ. ಒಂದ್ಸಲ ಹೇಳಿದ್ರೆ ಸಾಲದೆ?”

ಅವನು ಟಿಕೆಟ್ ಹರಿಯುತ್ತಲೇ ಹೇಳಿದ: “ಎಲ್ಲಿ ಸಾಲುತ್ತೆ ಸಾರ್? ನೀವೇ ನೋಡಿ, ಎರಡು ಸಲ ಹೇಳಿದ್ರೂ ಮಧ್ಯದಲ್ಲೇ ನಿಂತಿದ್ದೀರಿ.”

ಫ್ರೀ ಗಿಫ್ಟ್ ಉಚಿತ

ನಮ್ಮ ಬೀದಿಯ ದಿನಸಿ ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ‘ಮೂರು ಸೋಪಿಗೆ ಒಂದು ಡಬ್ಬಿ ಫ್ರೀ ಗಿಫ್ಟ್ ಉಚಿತ’. ಗಿಫ್ಟ್ ಎಂದ ಮೇಲೆ ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ ಎಂದು ಅಂಗಡಿಯವರಿಗೆ ಅರ್ಧ ಗಂಟೆ ವಿವರಿಸಿದೆ. ನನ್ನಿಂದ ಬಿಡಿಸಿಕೊಳ್ಳಲೋ ಏನೋ, ‘ಫ್ರೀ’ ಮತ್ತು ‘ಉಚಿತ’ ಎರಡನ್ನೂ ಒರೆಸಿಬಿಟ್ಟರು. ನಾನು ಗೆದ್ದೆನೆಂದು ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದೆ.

ಮಾರನೇ ದಿನ ಹೋದರೆ ಅಂಗಡಿಯವರ ಮುಖ ಗಂಟಿಕ್ಕಿತ್ತು. “ಬೆಳಿಗ್ಗೆಯಿಂದ ಬಂದೋರೆಲ್ಲ ಒಂದೇ ಪ್ರಶ್ನೆ ಕಣ್ರೀ. ಗಿಫ್ಟು ಎಷ್ಟಕ್ಕೆ ಕೊಡ್ತೀರಿ ಅಂತ.”

ನ್ಯೂ ಹೊಸ ಸೋಲಾರ್

ಇನ್ನು ಮರದ ವಿಷಯ. ಮನೆ ಕಟ್ಟಿಸಿದ ವರ್ಷ ನನ್ನ ಹೆಂಡತಿ ನೆಟ್ಟ ಸಸಿ ಅದು. ಬೆಳೆಯುತ್ತಾ ಬೆಳೆಯುತ್ತಾ ಪಕ್ಕದ ಮನೆಯ ತಾರಸಿಯ ಮೇಲೆ ವಾಲಿಕೊಂಡಿತು. ಆ ತಾರಸಿಯ ಮೇಲೆ ಪಕ್ಕದ ಮನೆ ಯಜಮಾನರು, ಹಾರ್ಡ್‌ವೇರ್ ಅಂಗಡಿಯವರು, ನೀರು ಕಾಯಿಸುವ ಸೋಲಾರ್ ಹಾಕಿಸಿದರು. ಉದ್ದುದ್ದನೆಯ ಗಾಜಿನ ಕೊಳವೆಗಳು. ಮೇಲೆ ನೋಡಿದರೆ ನಮ್ಮ ಬಲಿತ ಕಾಯಿಗಳು.

“ಸ್ವಾಮಿ, ನ್ಯೂ ಹೊಸ ಸೋಲಾರು. ಒಂದು ಕಾಯಿ ಬಿದ್ರೂ ಮರ ಕಟ್ ಮಾಡಿ ಕಡಿಸಬೇಕಾಗುತ್ತೆ,” ಎಂದರು.

“ನ್ಯೂ ಅಂದ್ರೆ ಹೊಸದೇ...” ಎಂದು ಶುರು ಮಾಡಿದೆ. ಹೆಂಡತಿ ಹಿಂದಿನಿಂದ ನನ್ನ ಅಂಗಿ ಎಳೆದಳು.

ಕಾಯಿ ಇಳಿಯುವವರೆಗೆ ಇರಲಿ ಎಂದು ಅವರು ಕೊಳವೆಗಳ ಮೇಲೆ ಗೋಣಿಚೀಲ ಹೊದಿಸಿದರು. ಬಿಸಿಲು ಬೀಳದೆ ನಾಲ್ಕು ದಿನ ತಣ್ಣೀರು ಸ್ನಾನ. ಕಾಂಪೌಂಡಿನಾಚೆಯಿಂದ ಅವರು ನಡುಗುವ ಸದ್ದು ನನಗೇ ಕೇಳುತ್ತಿತ್ತು.

ಬರೀ ಬತ್ತೀನಿ

ತೆಂಗಿನ ಸೀಮೆಯಲ್ಲಿ ಮರಕ್ಕೆ ಬರವಿಲ್ಲ, ಮರ ಹತ್ತುವವರಿಗೆ ಬರ. ಬಿಳಿಗೆರೆಯ ಒಬ್ಬನಿಗೆ ಫೋನು ಮಾಡಿದೆ.

“ನಾಳೆ ಗ್ಯಾರಂಟಿ ಕನ್ಫರ್ಮ್ ಪಕ್ಕಾ ಬತ್ತೀನಿ ಸಾರ್,” ಎಂದ.

ಮೂರು ಪದ ದಂಡ. ನನ್ನ ಕೈ ಕೆಂಪು ಪೆನ್ಸಿಲ್ ಹುಡುಕಿತು. “ಬರೋನಿಗೆ ‘ಬತ್ತೀನಿ’ ಒಂದೇ ಸಾಕು ಕಣಪ್ಪ. ಮಿಕ್ಕಿದ್ದು ಯಾಕೆ? ತೆಗೆದು ಹೇಳು.”

“ಬತ್ತೀನಿ,” ಎಂದ.

ಮೂವತ್ತೊಂದು ವರ್ಷದಲ್ಲಿ ಅಂಥ ಚೊಕ್ಕ ವಾಕ್ಯ ಕೇಳಿರಲಿಲ್ಲ. ಕೂಡಲೇ ಪಕ್ಕದವರಿಗೆ ಹೇಳಿದೆ: “ಬೆಳಿಗ್ಗೆ ಕಾಯಿ ಇಳಿಯುತ್ತೆ. ಗೋಣಿಚೀಲ ತೆಗೆದು ಆರಾಮಾಗಿ ಬಿಸಿನೀರು ಕಾಯಿಸಿಕೊಳ್ಳಿ.”

ಹೆಂಡತಿ ಕೇಳಿದಳು. “ಏನಂದ?”

“ಬತ್ತೀನಿ ಅಂದ.”

“ಬರೀ ಬತ್ತೀನಿ ಅಂದ್ನಾ?”

“ಹೂಂ ಕಣೇ. ಒಂದಕ್ಷರ ಹೆಚ್ಚಿಲ್ಲ.”

“ಹಂಗಾದ್ರೆ ಬರಲ್ಲ ಬುಡಿ,” ಎಂದು ಒಳಗೆ ಹೋದಳು.

ಬರಲಿಲ್ಲ. ಮಾರನೇ ದಿನ ಹನ್ನೊಂದು ಗಂಟೆಗೆ ಧಡ್ ಎಂದಿತು. ಹಿಂದೆಯೇ ಗಾಜಿನ ಸದ್ದು. ಪಕ್ಕದವರು ತಲೆಗೆ ಸೋಪು ಹಚ್ಚಿಕೊಂಡೇ ಕಾಂಪೌಂಡಿನ ಬಳಿ ಬಂದರು. “ಗ್ಲಾಸು ಒಡೆದು ಬ್ರೇಕಾಗಿದೆ. ನಾಳೆ ಬೆಳಿಗ್ಗೆಯೊಳಗೆ ಕಾಯಿ ಇಳೀಬೇಕು. ಇಲ್ಲಾಂದ್ರೆ ಮರ ಇರಲ್ಲ. ಇದು ಲಾಸ್ಟ್ ಕೊನೇ ಫೈನಲ್.”

ಲಾಸ್ಟ್ ಎಂದಷ್ಟೇ ಹೇಳಿದ್ದರೆ ಇನ್ನೊಂದು ವಾರ ಸಿಗುತ್ತಿತ್ತು. ಮೂರು ಸಲ ಹೇಳಿದರಲ್ಲ, ಇನ್ನು ಒಂದು ದಿನವೂ ಹೆಚ್ಚಿಗೆ ಸಿಗುವಂತಿರಲಿಲ್ಲ. ಹೆಂಡತಿ ಹಿತ್ತಲಿಗೆ ಹೋಗಿ ಮರದ ಬುಡದಲ್ಲಿ ನಿಂತುಕೊಂಡಳು.

ಬಿಳಿಗೆರೆಯವನಿಗೆ ಮತ್ತೆ ಫೋನು. “ಯಾಕಪ್ಪಾ ಬರಲಿಲ್ಲ?”

“ನೀವೇ ಅಲ್ವಾ ಸಾರ್ ಗ್ಯಾರಂಟಿ ತೆಗೆಸಿದ್ದು? ಗ್ಯಾರಂಟಿ ಕೊಟ್ಟಿದ್ದ ಮನೆ ಇನ್ನೂ ಮೂರಿದ್ವು. ಅಲ್ಲಿಗೆ ಹೋದೆ.”

ಮೂವತ್ತೊಂದು ವರ್ಷದ ಕೆಂಪು ಪೆನ್ಸಿಲನ್ನು ಅಲ್ಲೇ ಮುರಿದೆ. “ಪ್ಲೀಸ್ ದಯವಿಟ್ಟು,” ಎಂದೆ, “ಟುಮಾರೋ ನಾಳೆ, ಮಾರ್ನಿಂಗ್ ಬೆಳಿಗ್ಗೆ, ಅರ್ಲಿ ಬೇಗ ಬಾರಪ್ಪ. ಅರ್ಜೆಂಟ್ ಅವಸರ.”

“ಹಿಂಗೆ ಬುಡಿಸಿ ಹೇಳಿದ್ರೆ ತಾನೇ ಸಾರ್ ಅರ್ಥ ಆಗೋದು,” ಎಂದ ಅವನು. “ಗ್ಯಾರಂಟಿ ಕನ್ಫರ್ಮ್ ಪಕ್ಕಾ ಬತ್ತೀನಿ.”

ಹೆಂಡತಿ ಮರದ ಬುಡದಿಂದಲೇ ಕೇಳಿದಳು: “ಮೂರೂ ಹೇಳಿದ್ನಾ?”

“ಮೂರೂ ಹೇಳಿದ.”

“ಹಂಗಾದ್ರೆ ಅವನಿಗೂ ಸೇರಿಸಿ ಉಪ್ಪಿಟ್ಟು ಮಾಡ್ತೀನಿ.”

ಆರು ಗಂಟೆಗೆ ಮುಂಚೆಯೇ ಬಂದ. ಎಲ್ಲಾ ಕಾಯಿ ಇಳಿಸಿ ಉಪ್ಪಿಟ್ಟು ತಿಂದು ಹೋದ. ಪಕ್ಕದವರಿಗೆ ಹೊಸ ಕೊಳವೆ ಹಾಕಿಸಿಕೊಟ್ಟೆ. ಮರ ಉಳಿಯಿತು. ಕಾಯಿ ಇಳಿದದ್ದು ಯಾವತ್ತು ಅಂತೀರಾ? ಬರೀ ಬುಧವಾರ ಎಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ, ಯಾರೂ ಗೆರೆ ಎಳೆಯಬೇಡಿ: ಕರೆಕ್ಟಾಗಿ ಸರಿಯಾಗಿ ಎಕ್ಸಾಕ್ಟ್ ಹೋದ ಲಾಸ್ಟ್ ವೆಡ್ನೆಸ್‌ಡೇ ಬುಧವಾರದ ದಿವಸ.